ದಂಡಿತರ ಪಕ್ಷದ ವಾದ

ಪ್ರತಿವಾದಿಯ ಮಾತನ್ನು ಕೇಳದೆ ತೀರ್ಪು ಕೊಡಬಾರದೆಂಬುದು ನ್ಯಾಯಾಸ್ಥಾನದ ಮೊದಲ ನಿಯಮ. ಇತಿಹಾಸದಲ್ಲಿ ಮಾತ್ರ ಈ ನಿಯಮವು ಶತಮಾನಗಳವರೆಗೆ ಭಂಗವಾಗಿರುವುದುಂಟು. ಇಂಗ್ಲೆಂಡಿನ ಲೊಲಾರ್ಡರೆಂಬ ಮತಸುಧಾರಕರ ಕಥೆಯೇ ಇದಕ್ಕೆ ನಿದರ್ಶನ.

ಆಕ್ಸ್‌ಫರ್ಡಿನ ಪಂಡಿತ ಜಾನ್ ವಿಕ್ಲಿಫನು 14ನೆಯ ಶತಮಾನದಲ್ಲಿ, ಮತವಿಷಯದಲ್ಲಿ ಧರ್ಮಗ್ರಂಥವೇ ಪರಮಪ್ರಮಾಣವೆಂದು ಸಾರಿದನು. ಅವನ ಅನುಯಾಯಿಗಳು ಲ್ಯಾಟಿನ್ ಬೈಬಲನ್ನು ಜನರ ನುಡಿಯಾದ ಇಂಗ್ಲಿಷಿಗೆ ತಂದರು. ಅಧಿಕಾರಸ್ಥರಿಗೆ ಇದು ಸಹನೆಯಾಗಲಿಲ್ಲ. 1401ರಲ್ಲಿ ಪಾಷಂಡಿಗಳನ್ನು ಸುಡುವ ಶಾಸನವಾಯಿತು. 1409ರಲ್ಲಿ ಆರ್ಚ್‌ಬಿಷಪ್ ಅರಂಡೆಲನು ಅನುಮತಿಯಿಲ್ಲದ ಹೊಸ ಭಾಷಾಂತರಗಳನ್ನು ನಿಷೇಧಿಸಿದನು. 1384ರಲ್ಲಿಯೇ ತೀರಿಹೋಗಿದ್ದ ವಿಕ್ಲಿಫನ ಅಸ್ಥಿಗಳನ್ನು 1428ರಲ್ಲಿ ಅಗೆದು ಸುಟ್ಟು, ಬೂದಿಯನ್ನು ಸ್ವಿಫ್ಟ್ ಹೊಳೆಗೆ ಚೆಲ್ಲಿದರು. ಆದರೂ ಆ ಇಂಗ್ಲಿಷ್ ಬೈಬಲಿನ ಸುಮಾರು 250 ಹಸ್ತಪ್ರತಿಗಳು ಇಂದಿಗೂ ಉಳಿದಿವೆ!

ಪುಸ್ತಕಗಳು ಉಳಿದರೂ ಅವನ್ನು ಬರೆದವರ ಕೀರ್ತಿ ಉಳಿಯಲಿಲ್ಲ. ವಿಚಾರಣೆ ನಡೆಸಿದ ಬಿಷಪ್ಪರ ದಾಖಲೆಗಳನ್ನೇ ನೆಚ್ಚಿ, ಲೊಲಾರ್ಡರು ಅಶಿಕ್ಷಿತರ ಚದುರಿದ ಗುಂಪೆಂದು ಅನೇಕ ಚರಿತ್ರಕಾರರು ಎಣಿಸಿದರು. ಈ ಎಣಿಕೆಯನ್ನು ಪರೀಕ್ಷೆಗೊಡ್ಡಿದವರು 2021ರಲ್ಲಿ ನಿಧನರಾದ ಆಕ್ಸ್‌ಫರ್ಡಿನ ವಿದುಷಿ ಆನ್ ಹಡ್ಸನ್. ಲೊಲಾರ್ಡರ 294 ಇಂಗ್ಲಿಷ್ ಉಪದೇಶಗಳನ್ನು ಅವರು ಪಮೆಲಾ ಗ್ರ್ಯಾಡನ್ನರೊಡನೆ ಪ್ರತಿಗೆ ಪ್ರತಿಯನ್ನು ಹೋಲಿಸಿ ಶೋಧಿಸಿದರು. 1983ರಿಂದ 1996ರವರೆಗೆ ಅವು ಐದು ಸಂಪುಟಗಳಲ್ಲಿ ಹೊರಬಂದವು. ಲಿಪಿಕಾರರು ಎಷ್ಟು ಜಾಗರೂಕತೆಯಿಂದ ಬರೆದು ತಿದ್ದಿದ್ದರೆಂಬುದು ಆಗ ಕಂಡಿತು. ಇಂಥ ಕೆಲಸಕ್ಕೆ ವಿದ್ಯೆ, ಹಣ, ವ್ಯವಸ್ಥೆ ಮೂರೂ ಬೇಕು. 1988ರಲ್ಲಿ ಪ್ರಕಟವಾದ ಅವರ ಮಹಾಗ್ರಂಥವು, ಲೊಲಾರ್ಡರದು ಕಾಲಕ್ಕೆ ಮುಂಚೆ ಬಂದ ಮತಸುಧಾರಣೆಯೆಂದು ಪ್ರತಿಪಾದಿಸಿತು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಹಳೆಯ ಮತಾಚಾರವು ಜನಸಾಮಾನ್ಯರಲ್ಲಿ ಚೈತನ್ಯಯುಕ್ತವಾಗಿಯೇ ಇತ್ತೆಂದು 1992ರಲ್ಲಿ ಈಮನ್ ಡಫಿಯವರು ಬಲವಾಗಿ ಸಾಧಿಸಿದರು. ಆ ಚರ್ಚೆ ಸಾಗಲಿ. ಚರ್ಚೆಗೆ ಎರಡನೆಯ ಪಕ್ಷವೊಂದು ತನ್ನ ಸ್ವಂತ ಮಾತಿನೊಡನೆ ಬಂದು ನಿಂತುದೇ ಹಡ್ಸನ್ನರ ಶ್ರಮದ ಫಲ.

ಹಳೆಯ ಪ್ರತಿಗಳ ಅಕ್ಷರಗಳನ್ನು ಎಣಿಸುತ್ತ ಆಯುಷ್ಯ ಕಳೆಯುವುದರಿಂದ ಲೋಕಕ್ಕೇನು ಲಾಭವೆಂದು ಕೇಳುವ ವ್ಯವಹಾರಜ್ಞರು ನಮ್ಮಲ್ಲಿ ಕಡಮೆಯಿಲ್ಲ. ಅಂಥವರು ಈ ಉದಾಹರಣೆಯನ್ನು ಮನನ ಮಾಡಲಿ. ಶಾಸನವು ಸುಟ್ಟವರ ಪ್ರಾಣವನ್ನು ಯಾವ ಪಂಡಿತರೂ ಮರಳಿ ತರಲಾರರು. ಅವರ ಮಾತನ್ನು ಮರಳಿ ತರಬಲ್ಲರು. ಅಂಥ ವಿದ್ವತ್ತಿಗೆ ಆಶ್ರಯ ಕೊಡುವುದು ದೇಶದ ಕರ್ತವ್ಯವೆಂದೇ ನಾವು ಭಾವಿಸುತ್ತೇವೆ.