ಕೋರ್ಸೂ ಮುಗಿಯಲಿ, ನಿಮ್ಮ ಕಲೆಯೂ ಉಳಿಯಲಿ

ಕೊಲ್ಹಾಪುರಿ ಚಪ್ಪಲಿಯ ಗಲಾಟೆ ನಿಮಗೆ ನೆನಪಿರಬಹುದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಷೋದಲ್ಲಿ ಥೇಟ್ ಕೊಲ್ಹಾಪುರಿಯಂಥದ್ದೇ ಚಪ್ಪಲಿ ಪ್ರದರ್ಶಿಸಿತು. ಮೂಲದ ಹೆಸರನ್ನು ಮಾತ್ರ ಹೇಳಲಿಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿದಂತೆ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಈ ಚಪ್ಪಲಿಯ ಜಿಐ ಮಾನ್ಯತೆ 2019ರಲ್ಲೇ ಸಿಕ್ಕಿತ್ತು. ಟೀಕೆ ಜೋರಾದಾಗ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮ ಕೈಗಾರಿಕಾ ನಿಗಮಗಳ ಜೊತೆ ಒಪ್ಪಂದಕ್ಕೂ ಸಹಿ ಹಾಕಿತು.

'ಎಂ.ಡಿಸ್. ಓದ್ತಿರೋ ನನಗೂ ಇದಕ್ಕೂ ಏನು ಸಂಬಂಧ?' ಅಂತೀರಾ? ಇದೆ. ಕೆಲಸ ಯಾರದ್ದು ಎಂದು ದಾಖಲೆಯಲ್ಲಿದ್ದರೆ ಮಾತಿಗೊಂದು ಆಧಾರ ಇರುತ್ತದೆ. ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಕೂತು ನೀವು ಬರೆದ ಸೀರೆಯ ಪ್ರಿಂಟ್‌ಗೆ ಅಂಥ ದಾಖಲೆ ಇದೆಯೇ? ಅದಕ್ಕೂ ಮೊದಲು, ಅದನ್ನು ಬರೆಯಲು ನಿಮಗೆ ಸಮಯವಾದರೂ ಸಿಗುತ್ತಿದೆಯೇ?

ಮೊದಲು ಬಲಿಯಾಗುವುದು ಯಾವುದು?

ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಡಿಸ್. ಎರಡು ವರ್ಷದ ಕೋರ್ಸ್. ಎಲ್ಲೇ ಓದಿದರೂ ಸ್ಟುಡಿಯೊ, ಅಸೈನ್‌ಮೆಂಟ್, ಜ್ಯೂರಿ, ಇಂಟರ್ನ್‌ಶಿಪ್ ಎಂದು ದಿನಗಳು ಓಡುತ್ತವೆ. ಅಂಕ ಇರುವ ಕೆಲಸಕ್ಕೆ ಕೊನೆಯ ದಿನಾಂಕವಿದೆ, ಕೇಳುವವರಿದ್ದಾರೆ. ನಿಮ್ಮ ಸ್ವಂತ ಕೆಲಸಕ್ಕೆ ಎರಡೂ ಇಲ್ಲ. ಹಾಗಾಗಿ ಸಮಯ ಸಾಲದಾದಾಗ ಮೊದಲು ಬಲಿಯಾಗುವುದು ಅದೇ. ಮನೆಯಲ್ಲಿದ್ದು ಓದುವವರಿಗೆ ಕಷ್ಟ ಇನ್ನೂ ಹೆಚ್ಚು. ಅಣ್ಣ ಲ್ಯಾಪ್‌ಟಾಪ್ ಮುಂದೆ ಕೂತರೆ 'ಕೆಲಸ ಮಾಡ್ತಿದಾನೆ'. ನೀವು ಕೂತರೆ 'ಏನೋ ಚಿತ್ರ ಬರೀತಿದಾಳೆ, ಸ್ವಲ್ಪ ಈರುಳ್ಳಿ ಹೆಚ್ಚಿಕೊಡಮ್ಮ'!

ಹಾಗಂತ ಓದನ್ನು ಕಡೆಗಣಿಸಬೇಕಿಲ್ಲ. ಹೀಗೆ ಮಾಡಿ ನೋಡಿ:

* ಒಂದು ಸೆಮಿಸ್ಟರ್‌ಗೆ ಸ್ವಂತದ್ದು ಒಂದೇ ಕೆಲಸ ಇಟ್ಟುಕೊಳ್ಳಿ. ಅದೂ ಚಿಕ್ಕದಿರಲಿ. 'ನನ್ನದೇ ಬ್ರ್ಯಾಂಡ್' ಎನ್ನುವುದಕ್ಕಿಂತ 'ಆರು ಪ್ರಿಂಟ್‌ಗಳು' ಎಂದರೆ ಮುಗಿಯುವ ಸಾಧ್ಯತೆ ಹೆಚ್ಚು.

* ವಾರಕ್ಕೆ ಎರಡು ನಿಗದಿತ ಹೊತ್ತು ಸಾಕು. ಅದನ್ನು ಮನೆಯವರಿಗೆ ಕ್ಲಾಸ್ ಇದೆ ಎಂಬಷ್ಟೇ ಗಟ್ಟಿಯಾಗಿ ಹೇಳಿ.

* ಜ್ಯೂರಿಯ ಹಿಂದಿನ ಎರಡು ವಾರ ಸ್ವಂತ ಕೆಲಸ ಪೂರ್ತಿ ಬಂದ್. ಮೊದಲೇ ತೀರ್ಮಾನಿಸಿ ನಿಲ್ಲಿಸಿದರೆ ಕೈಬಿಟ್ಟೆನೆಂಬ ಕೊರಗು ಇರುವುದಿಲ್ಲ. ಮತ್ತೆ ಶುರುಮಾಡುವ ತಾರೀಖನ್ನೂ ಬರೆದಿಡಿ.

* ಕ್ಲಾಸಿನಲ್ಲಿ ಕಲಿತದ್ದನ್ನು ಸ್ವಂತ ಕೆಲಸಕ್ಕೆ ಬಳಸಿ, ತಪ್ಪಿಲ್ಲ. ಆದರೆ ಒಂದೇ ವಿನ್ಯಾಸವನ್ನು ಅಸೈನ್‌ಮೆಂಟಾಗಿಯೂ ಕೊಟ್ಟು ಮಾರಾಟಕ್ಕೂ ಇಡಬೇಡಿ. 'ಇದು ಯಾರದು?' ಎಂಬ ತಕರಾರು ಹುಟ್ಟುವುದು ಇಲ್ಲೇ.

ಯಾರದು ಈ ವಿನ್ಯಾಸ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಚಿತ್ರ ಬರೆದವರೇ ಅದರ ಮೊದಲ ಒಡೆಯರು. ನೋಂದಣಿ ಕಡ್ಡಾಯವಲ್ಲ. ಆದರೆ ನೌಕರಿ ಅಥವಾ ಅಪ್ರೆಂಟಿಸ್ ಕರಾರಿನಡಿ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ. ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ ಕರಾರು ಪತ್ರ ಓದಿ. 'ಅಯ್ಯೋ, ಮೂರು ತಿಂಗಳಿಗೆ ಏನು ಓದೋದು' ಅನ್ನಬೇಡಿ. ನಿಮ್ಮ ಸಂಸ್ಥೆಗೂ ಬೌದ್ಧಿಕ ಆಸ್ತಿ ನಿಯಮಗಳಿದ್ದರೆ ಕೇಳಿ ಪಡೆಯಿರಿ. ಸಂಸ್ಥೆಯ ಯಂತ್ರ, ಕಂಪನಿಯೊಂದು ಪ್ರಾಯೋಜಿಸಿದ ಪ್ರಾಜೆಕ್ಟ್, ಗೈಡ್ ಕೊಟ್ಟ ಕಲ್ಪನೆ ಇವೆಲ್ಲ ಒಡೆತನದ ಲೆಕ್ಕ ಬದಲಿಸಬಹುದು. ಸ್ವಂತ ಕೆಲಸಕ್ಕೆ ಸ್ವಂತ ಲ್ಯಾಪ್‌ಟಾಪ್, ಸ್ವಂತ ಸಾಮಗ್ರಿ ಬಳಸಿ. ಸ್ಕೆಚ್‌ಬುಕ್‌ನ ಪ್ರತಿ ಪುಟಕ್ಕೂ ತಾರೀಖು ಹಾಕಿ.

ಇನ್ನು ವಸ್ತುವಿನ ಆಕಾರ, ಬಟ್ಟೆಯ ಪ್ರಿಂಟ್ ಇವುಗಳಿಗೆ 2000ದ ವಿನ್ಯಾಸ ಕಾಯ್ದೆ ಇದೆ. ನೋಂದಾಯಿಸಿದರೆ 10 ವರ್ಷ ರಕ್ಷಣೆ, ಮತ್ತೆ 5 ವರ್ಷ ವಿಸ್ತರಿಸಬಹುದು. ವ್ಯಕ್ತಿಯ ಹೆಸರಿನಲ್ಲಿ ಅರ್ಜಿ ಹಾಕಲು ಶುಲ್ಕ 1,000 ರೂಪಾಯಿ. ಆದರೆ ವಿನ್ಯಾಸ ಹೊಸದಾಗಿರಬೇಕು, ಅರ್ಜಿಗೆ ಮುಂಚೆ ಎಲ್ಲೂ ಪ್ರಕಟವಾಗಿರಬಾರದು. ಅನೇಕರು ಎಡವುವುದು ಇಲ್ಲೇ. ಮುಗಿದ ಖುಷಿಯಲ್ಲಿ ಇನ್‌ಸ್ಟಾಗ್ರಾಂಗೆ ಹಾಕಿಬಿಟ್ಟರೆ ನೋಂದಣಿಯ ದಾರಿಯನ್ನು ನೀವೇ ಮುಚ್ಚಿಕೊಂಡಂತೆ.

ನೋಂದಾಯಿಸದಿದ್ದರೆ ಕೃತಿಸ್ವಾಮ್ಯ ಇದೆಯಲ್ಲ ಎಂದುಕೊಳ್ಳಬೇಡಿ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಬಳಸಿದ ವಸ್ತು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ತಯಾರಾದರೆ, ಆ ವಿನ್ಯಾಸದ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯಿತು. ಐವತ್ತೊಂದನೇ ಸೀರೆ ಪ್ರಿಂಟ್ ಆಗುವ ಮುಂಚೆ ಯೋಚಿಸಿ. ಎಲ್ಲವನ್ನೂ ನೋಂದಾಯಿಸಬೇಕೆಂದಲ್ಲ, ಮಾರುಕಟ್ಟೆಗೆ ಬಿಡುವ ಒಂದೆರಡನ್ನಾದರೂ ಮಾಡಿಸಿ.

ಪರಿಚಯದ ಬುಟಿಕ್‌ನವರು 'ಒಂದು ಡಿಸೈನ್ ಮಾಡಿಕೊಡಮ್ಮ' ಅಂದರೆ? ಮಾಡಿಕೊಡಿ, ಆದರೆ ಬರವಣಿಗೆಯಲ್ಲಿರಲಿ. ಕೃತಿಸ್ವಾಮ್ಯ ವರ್ಗಾವಣೆಗೆ ಸಹಿ ಮಾಡಿದ ಪತ್ರ ಬೇಕೇ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ.

ನೀವೂ ಎಚ್ಚರ ವಹಿಸಿ

ಹಕ್ಕಿನ ಮಾತು ಒಮ್ಮುಖವಲ್ಲ. ಧಾರವಾಡದ ಕಸೂತಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆಗಳಿಗೂ ಜಿಐ ಇದೆ. ಅವುಗಳಿಂದ ಸ್ಫೂರ್ತಿ ಪಡೆದರೆ ಹಾಗೆಂದೇ ಹೇಳಿ. ಬೇರೆಡೆ ಯಂತ್ರದಲ್ಲಿ ಮಾಡಿಸಿ ಆ ಹೆಸರಿನಲ್ಲಿ ಮಾರಬೇಡಿ. ಕಲಿಸಿದ ಅಕ್ಕನ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆಯಿರಿ. ಪ್ರಾಡಾ ಕಂಪನಿಯನ್ನು ಕೇಳಿದ ಪ್ರಶ್ನೆಯನ್ನು ನಾಳೆ ನಿಮ್ಮನ್ನೂ ಕೇಳುವಂತಾಗಬಾರದು.

ಪದವಿ ಪ್ರಮಾಣಪತ್ರ ನಿಮ್ಮ ಇಡೀ ಬ್ಯಾಚಿಗೆ ಸಿಗುತ್ತದೆ. ನೀವು ಏನು ಯೋಚಿಸುತ್ತೀರಿ ಎಂಬುದನ್ನು ತೋರಿಸುವುದು ನಿಮ್ಮ ಸ್ವಂತ ಕೆಲಸವೇ. ಈ ವಾರದ ಎರಡು ಹೊತ್ತನ್ನು ಇವತ್ತೇ ಗೊತ್ತುಮಾಡಿ. ಈರುಳ್ಳಿಯನ್ನು ಅಣ್ಣನೂ ಹೆಚ್ಚಬಹುದು!