‘ಕೇವಲ 14,999’ ಅಂದವರು ಒಟ್ಟು ಎಷ್ಟು ಅಂತ ಯಾಕೆ ಹೇಳುವುದಿಲ್ಲ?

ಮೊನ್ನೆ ನಮ್ಮ ಬಳಗದ ಒಬ್ಬನಿಗೆ ಊರಿಂದ ದೊಡ್ಡಪ್ಪ ಒಂದು ಚಿತ್ರ ಕಳಿಸಿದರು. ಬಿಳಿ ಹಡಗು, ನೀಲಿ ಸಮುದ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ಶೇ. 60 ರಿಯಾಯಿತಿ! ಮುಂಬೈ–ಗೋವಾ ಕ್ರೂಸ್ ಕೇವಲ 14,999! ಇನ್ನು 3 ರೂಮ್ ಮಾತ್ರ!’ ಹಿಂದೆಯೇ ಅವರ ಫೋನು: “ಮಗಾ, ಇದು ನಿಜವೇನೋ? ನಿನ್ನ ದೊಡ್ಡಮ್ಮ ಸಮುದ್ರ ನೋಡಿದ್ದು ಮಲ್ಪೆ ದಡದಿಂದ ಅಷ್ಟೇ. ಅಡಿಕೆ ದುಡ್ಡು ಬಂದಿದೆ, ಒಮ್ಮೆ ಕರ್ಕೊಂಡು ಹೋಗೋಣ ಅಂತ.”

ಇದನ್ನು ಕೇಳಿ ನಗುವವರಿದ್ದಾರೆ. ಕೊಟ್ಟಿಗೆ ಬಾಚುವವರಿಗೆ ಹಡಗಿನ ಶೋಕಿ ಯಾಕೆ ಅನ್ನುತ್ತಾರೆ. ನಾವು ನಗುವುದಿಲ್ಲ. ದುಡಿದವರು ಎರಡು ದಿನ ಹಡಗಲ್ಲಿ ಕೂತು ಬಂದರೆ ಯಾರ ಗಂಟೂ ಹೋಗುವುದಿಲ್ಲ. ತಪ್ಪಿರುವುದು ದೊಡ್ಡಪ್ಪನ ಆಸೆಯಲ್ಲಿ ಅಲ್ಲ, ಆ 14,999ರಲ್ಲಿ.

ನಾವು ಕೂತು ಲೆಕ್ಕ ಹಾಕಿದೆವು. 14,999 ಒಬ್ಬರಿಗೆ, ಅದೂ ಇಬ್ಬರು ಒಂದೇ ರೂಮಲ್ಲಿ ಉಳಿದರೆ. ಆ ದರ ಇದ್ದದ್ದು ವಾರದ ನಡುವಿನ ಒಂದೇ ತಾರೀಖಿಗೆ, ಕಿಟಕಿಯೇ ಇಲ್ಲದ ಒಳಗಿನ ರೂಮಿಗೆ. ಅವರಿಗೆ ಬಿಡುವಿದ್ದ ದಸರಾ ವಾರದಲ್ಲಿ ಒಬ್ಬರಿಗೆ 21,000. ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್ ಸೇರಿ ಇಬ್ಬರಿಗೆ ಇನ್ನೂ 13,000. ಊರಿಂದ ಮುಂಬೈಗೆ ಹೋಗಿಬರುವ ಖರ್ಚು, ಒಂದು ರಾತ್ರಿ ಲಾಡ್ಜ್ ಅಂತ 9,000. ದೊಡ್ಡಪ್ಪ ಮನಸ್ಸಲ್ಲಿ ಇಟ್ಟುಕೊಂಡಿದ್ದು 30,000. ಬಂದ ಮೊತ್ತ 64,000. ಹಡಗಲ್ಲಿ ಒಂದು ಜ್ಯೂಸ್ ಕೂಡ ಕುಡಿಯುವ ಮುಂಚೆ!

ಏಜೆಂಟರನ್ನು ಕೇಳಿದರೆ, “ಷರತ್ತುಗಳು ಅನ್ವಯ ಅಂತ ಹಾಕಿದ್ದೀವಲ್ಲ ಸಾರ್” ಅಂದರು. ಸಂತೆಯಲ್ಲಿ ಕುಂಬಳಕಾಯಿ 40 ರೂಪಾಯಿ ಅಂದವನು, ಚೀಲಕ್ಕೆ ಹಾಕಿದ ಮೇಲೆ ತೊಟ್ಟಿಗೆ 10, ತಕ್ಕಡಿಗೆ 5 ಅಂತ ಕೇಳಿದರೆ ಬಿಡುತ್ತೇವಾ? ಸಂತೆಯಲ್ಲಿ ನಡೆಯದ ಆಟ ಫೋನಿನಲ್ಲಿ ಯಾಕೆ ನಡೆಯಬೇಕು?

ರಿಯಾಯಿತಿ ಪೂರ್ತಿ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಹಡಗು ನಿಗದಿತ ದಿನ ಹೊರಡಲೇಬೇಕು. ಖಾಲಿ ರೂಮಿನಿಂದ ಕಂಪನಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಅದಕ್ಕೇ ಉಳಿದ ರೂಮನ್ನು ಕಡಿಮೆಗೆ ಕೊಡುತ್ತಾರೆ. ಜನ ಒಳಗೆ ಬಂದರೆ ಬಾರು, ಕ್ಯಾಸಿನೊ, ವೈಫೈ, ದಡದ ಸುತ್ತಾಟ ಎಲ್ಲದರಲ್ಲೂ ದುಡ್ಡು ಹುಟ್ಟುತ್ತದೆ. ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿ ಕಾರ್ನಿವಲ್ 2023ರಲ್ಲಿ ಗಳಿಸಿದ ಸುಮಾರು 2,160 ಕೋಟಿ ಡಾಲರ್‌ನಲ್ಲಿ ಟಿಕೆಟ್‌ನಿಂದ ಬಂದದ್ದು ಸುಮಾರು 1,410 ಕೋಟಿ. ಉಳಿದ ಮೂರನೇ ಒಂದು ಭಾಗ ಹಡಗಿನೊಳಗಿನ ಖರ್ಚು ಮತ್ತು ಇತರ ಬಾಬ್ತು. ಅಂದರೆ ಟಿಕೆಟ್ ಅನ್ನುವುದು ಬಾಗಿಲು ಮಾತ್ರ. ಅಂಗಡಿ ಇರುವುದು ಒಳಗೆ.

“ಪೂರ್ತಿ ದರ ಹಾಕಿದರೆ ಯಾರೂ ಫೋನ್ ಮಾಡಲ್ಲ, ಪಕ್ಕದವರು ಕಡಿಮೆ ತೋರಿಸ್ತಾರೆ” ಅಂತಲೂ ಆ ಏಜೆಂಟರು ಅಂದರು. ಈ ಮಾತು ನಿಜ. ಅದಕ್ಕೇ ಎಲ್ಲರಿಗೂ ಒಂದೇ ಕಾನೂನು ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಅಂಥ ಕಾನೂನು ಮಾಡಿತು. 2024ರ ಜುಲೈ 1ರಿಂದ ಅಲ್ಲಿ ಕಡ್ಡಾಯ ಶುಲ್ಕಗಳನ್ನು ಜಾಹೀರಾತಿನ ದರದಲ್ಲೇ ಸೇರಿಸಬೇಕು. ದೊಡ್ಡ ಕ್ರೂಸ್ ಕಂಪನಿಗಳು ಬಂದರು ಶುಲ್ಕ, ತೆರಿಗೆ ಸೇರಿಸಿದ ದರವನ್ನು ಇಡೀ ಅಮೆರಿಕಕ್ಕೇ ತೋರಿಸತೊಡಗಿದವು. ಯಾವ ಹಡಗೂ ಮುಳುಗಲಿಲ್ಲ!

ನಮ್ಮಲ್ಲೂ ನಿಯಮ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ಮೋಸದ ತಂತ್ರಗಳನ್ನು ಹೆಸರಿಸಿ ತಡೆಯಿತು. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಶುಲ್ಕ ಏರಿಸುವುದು, ‘ಇನ್ನು 3 ಮಾತ್ರ’ ಅಂತ ಸುಳ್ಳೇ ಅವಸರ ಹುಟ್ಟಿಸುವುದು, ಕೇಳದೇ ಇದ್ದದ್ದನ್ನು ಬಿಲ್ಲಿಗೆ ಸೇರಿಸುವುದು, ಮೂರೂ ಆ ಪಟ್ಟಿಯಲ್ಲಿವೆ. ಆದರೂ ದೊಡ್ಡಪ್ಪನ ಫೋನಿಗೆ ಆ ಚಿತ್ರ ಬಂದೇ ಬಂತು. ಕಾಗದದ ಮೇಲಿನ ನಿಯಮಕ್ಕೆ ಕಾಲು ಬರುವುದು ನಾವು ದೂರು ಕೊಟ್ಟಾಗ.

ಇದಕ್ಕಿಂತ ಕೆಟ್ಟದ್ದು ‘ಉಚಿತ ಕ್ರೂಸ್’. ಪೆಟ್ರೋಲ್ ಬಂಕಿನಲ್ಲೋ ಮೇಳದಲ್ಲೋ ಕೂಪನ್ ತುಂಬಿಸಿಕೊಳ್ಳುತ್ತಾರೆ. ವಾರದ ಮೇಲೆ “ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಹೋಟೆಲಿಗೆ ಬನ್ನಿ” ಅನ್ನುತ್ತಾರೆ. ಹೋದರೆ ಮೂರು ಗಂಟೆ ಕೂರಿಸಿ, ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ ಅಂತ ಲಕ್ಷಗಟ್ಟಲೆಯ ಸದಸ್ಯತ್ವ ಮಾರಲು ನೋಡುತ್ತಾರೆ. ಯೋಚಿಸಲು ಒಂದು ರಾತ್ರಿಯನ್ನೂ ಕೊಡದ ವ್ಯಾಪಾರಕ್ಕೆ ಸಹಿ ಹಾಕಲೇಬೇಡಿ.

ಹೋಗಲೇಬೇಕು ಅಂತಿದ್ದರೆ ಶೇಕಡಾ ಎಷ್ಟು ಕಡಿಮೆ ಅಂತ ಕೇಳಬೇಡಿ. ನಮ್ಮಿಬ್ಬರಿಗೆ, ಈ ತಾರೀಖಿಗೆ, ತೆರಿಗೆ, ಬಂದರು ಶುಲ್ಕ, ಟಿಪ್ಸ್ ಎಲ್ಲ ಸೇರಿ ಒಟ್ಟು ಎಷ್ಟು ಅಂತ ಕೇಳಿ. ಊಟದಲ್ಲಿ ಏನೇನು ಸೇರಿದೆ, ರದ್ದು ಮಾಡಿದರೆ ಎಷ್ಟು ವಾಪಸ್ ಅಂತ ಕೇಳಿ. ಉತ್ತರ ಬಾಯಲ್ಲಿ ಬೇಡ, ಬರಹದಲ್ಲಿ ಬರಲಿ. ಅದೇ ತಾರೀಖಿನ ದರವನ್ನು ಹಡಗು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೂ ನೋಡಿ. ರಜೆಯ ದಿನ, ವಾರಾಂತ್ಯ ಬಿಟ್ಟರೆ ನಿಜಕ್ಕೂ ಅಗ್ಗ ಸಿಗುತ್ತದೆ. ಮೋಸ ಅನ್ನಿಸಿದರೆ ಗ್ರಾಹಕ ಸಹಾಯವಾಣಿ 1915. ದುಡ್ಡು ಆನ್‌ಲೈನ್‌ನಲ್ಲಿ ವಂಚಕರ ಕೈಗೆ ಹೋಗಿದ್ದರೆ ತಡಮಾಡದೆ 1930.

ದೊಡ್ಡಪ್ಪ ದಸರಾ ಬಿಟ್ಟು, ವಾರದ ನಡುವಿನ ತಾರೀಖು ನೋಡುತ್ತಿದ್ದಾರೆ. ಏಜೆಂಟರು ಒಟ್ಟು ಲೆಕ್ಕವನ್ನು ಇನ್ನೂ ಬರೆದು ಕೊಟ್ಟಿಲ್ಲ. ಕೊಡುವ ತನಕ ಮುಂಗಡ ಇಲ್ಲ ಅಂತ ದೊಡ್ಡಪ್ಪ ಹೇಳಿಬಿಟ್ಟಿದ್ದಾರೆ. ನೀವೂ ಹಾಗೇ ಹೇಳಿ.