ನಡುವಿನ 25 ವರ್ಷಗಳ ಲೆಕ್ಕ

ಕಳೆದ ತಿಂಗಳು ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಸ್ಫೂರ್ತಿ ತುಂಬುವ ಭಾಷಣವೊಂದನ್ನು ಇಟ್ಟಿದ್ದರು. ಪರದೆಯ ಮೇಲೆ ಅಮೆರಿಕದ ನಟಿಯೊಬ್ಬರ ಕಪ್ಪು ಬಿಳುಪು ಚಿತ್ರ ಬಂತು. ಹೆಸರು ಲುಸಿಲ್ ಬಾಲ್. ಚಿತ್ರದ ಕೆಳಗೆ ಎರಡೇ ಸಾಲು. ಈಕೆಗೆ ನಟನೆ ಬರುವುದಿಲ್ಲ ಎಂದು ನಾಟಕ ಶಾಲೆ ಹೇಳಿತ್ತು ಎಂಬುದು ಮೊದಲನೆಯದು. ಮುಂದೆ ಈಕೆಯೇ ಟಿ.ವಿ. ಲೋಕದ ರಾಣಿಯಾದರು ಎಂಬುದು ಎರಡನೆಯದು. ‘ನೋಡಿದ್ರಾ? ಯಾವತ್ತೂ ಛಲ ಬಿಡಬಾರದು’ ಎಂದರು ಭಾಷಣಕಾರರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಸ್ಲೈಡ್ ಬದಲಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಪ್ರಶ್ನೆ ತಲೆ ತಿನ್ನತೊಡಗಿತು. ಮೊದಲನೇ ಸಾಲಿಗೂ ಎರಡನೇ ಸಾಲಿಗೂ ನಡುವೆ ಎಷ್ಟು ವರ್ಷ? ಮನೆಗೆ ಬಂದು ಹುಡುಕಿದೆ. ನಾಟಕ ಶಾಲೆ ಸೇರಿದಾಗ ಆಕೆಗೆ ಸುಮಾರು 15 ವರ್ಷ. ಹೆಸರು ತಂದ ಟಿ.ವಿ. ಕಾರ್ಯಕ್ರಮ ಶುರುವಾದಾಗ 40. ಅಂದರೆ ನಡುವೆ ಸರಿಸುಮಾರು 25 ವರ್ಷ!

ನನಗೀಗ 26. ನಾನು ಹುಟ್ಟಿ ಬೆಳೆದು, ಡಿಗ್ರಿ ಮುಗಿಸಿ, ಎರಡು ಪರೀಕ್ಷೆಗಳಲ್ಲಿ ಕಟ್ ಆಫ್ ತಪ್ಪಿಸಿಕೊಂಡಿರುವಷ್ಟು ಕಾಲವನ್ನು ಆ ಸ್ಲೈಡು ಒಂದು ಫುಲ್‌ಸ್ಟಾಪಿನಲ್ಲಿ ಮುಗಿಸಿಬಿಟ್ಟಿತ್ತು. ನನ್ನ ತಕರಾರು ಇರುವುದೇ ಇಲ್ಲಿ. ನಮಗೆ ಸೋಲಿನ ದಿನವನ್ನು ಹೇಳುತ್ತಾರೆ, ಗೆಲುವಿನ ದಿನವನ್ನೂ ಹೇಳುತ್ತಾರೆ. ನಾವೆಲ್ಲ ಈಗ ಬದುಕುತ್ತಿರುವುದು ಇವೆರಡರ ನಡುವೆ. ಅದರ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ.

ಹಾಗಾದರೆ ಆ 25 ವರ್ಷ ಆಕೆ ಏನು ಮಾಡಿದರು?

ಲುಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಟೆಲಿಫೋನ್ ಕಂಬಗಳ ಕೆಲಸಗಾರರಾಗಿದ್ದ ಅಪ್ಪ ಟೈಫಾಯ್ಡ್‌ನಿಂದ ತೀರಿಕೊಂಡಾಗ ಮಗುವಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಬೆಳೆದದ್ದು ಹೆಚ್ಚಾಗಿ ಅಜ್ಜ–ಅಜ್ಜಿಯ ಮನೆಯಲ್ಲಿ. ಹದಿಹರೆಯದಲ್ಲಿ ನ್ಯೂಯಾರ್ಕ್ ನಗರದ ನಾಟಕ ಶಾಲೆಗೆ ಹೋದರು. ಅಲ್ಲಿ ಮಿಂಚುತ್ತಿದ್ದ ವಿದ್ಯಾರ್ಥಿನಿ ಬೆಟ್ಟಿ ಡೇವಿಸ್. ಇವರಿಗೋ ಬಾಯೇ ಬರುತ್ತಿರಲಿಲ್ಲ. ಸುಮ್ಮನೆ ದುಡ್ಡು ದಂಡ ಎಂದು ಶಾಲೆಯವರು ತಾಯಿಗೆ ತಿಳಿಸಿದರು. ಸ್ಲೈಡಿನ ಮೊದಲ ಸಾಲು ಇಷ್ಟೇ.

ಆಮೇಲೆ ಬಟ್ಟೆ ಅಂಗಡಿಯ ಮಾಡೆಲ್ ಕೆಲಸ. ಗಿರಾಕಿಗಳ ಮುಂದೆ ಉಡುಪು ತೊಟ್ಟು ನಿಲ್ಲುವುದು. ಅಷ್ಟರಲ್ಲಿ ಕಾಲುಗಳ ಕೀಲು ಹಿಡಿದು ಊರಿಗೆ ಮರಳಬೇಕಾಯಿತು. ಚೇತರಿಸಿಕೊಂಡು ಮತ್ತೆ ನ್ಯೂಯಾರ್ಕ್, ಮತ್ತೆ ಮಾಡೆಲಿಂಗ್. 1933ರಲ್ಲಿ ಹಾಲಿವುಡ್‌ನ ಒಂದು ಚಿತ್ರಕ್ಕೆ ಗುಂಪಿನಲ್ಲಿ ನಿಲ್ಲುವ ಹುಡುಗಿಯರು ಬೇಕಾಗಿದ್ದರು. ‘ರೋಮನ್ ಸ್ಕ್ಯಾಂಡಲ್ಸ್’ ಎಂಬ ಆ ಚಿತ್ರದ ಗುಂಪಿನಲ್ಲಿ ಆಕೆಯೂ ಒಬ್ಬರಾದರು. 1935ರ ‘ಟಾಪ್ ಹ್ಯಾಟ್’ ಚಿತ್ರದಲ್ಲಿ ಹೂವಿನ ಅಂಗಡಿಯ ಹುಡುಗಿಯಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತಾರೆ. ಆರ್‌ಕೆಒ ಸ್ಟುಡಿಯೊದಲ್ಲಿ ಸಂಬಳಕ್ಕಿದ್ದರು. ಕಡಿಮೆ ಬಜೆಟ್ಟಿನ ಚಿತ್ರಗಳಿಗೆ ಅಲ್ಲಿ ‘ಬಿ’ ಚಿತ್ರ ಎನ್ನುತ್ತಿದ್ದರು. ಅಂಥವನ್ನು ಎಷ್ಟು ಮಾಡಿದರೆಂದರೆ ‘ಬಿ ಚಿತ್ರಗಳ ರಾಣಿ’ ಎಂಬ ಹೆಸರೇ ಬಿತ್ತು. ಅದು ಹೊಗಳಿಕೆಯೋ ಅಣಕವೋ, ನೀವೇ ಹೇಳಿ.

ನನಗೆ ಮುಖ್ಯ ಅನ್ನಿಸಿದ್ದು ಈ ಪಾತ್ರಗಳ ಪಟ್ಟಿಯಲ್ಲ. ಆರ್‌ಕೆಒದಲ್ಲಿ ನಟಿ ಜಿಂಜರ್ ರಾಜರ್ಸ್ ಅವರ ತಾಯಿ ಲೀಲಾ ರಾಜರ್ಸ್ ಹೊಸ ಕಲಾವಿದರಿಗೆ ನಟನೆ ಹೇಳಿಕೊಡುತ್ತಿದ್ದರು. ಲುಸಿಲ್ ಅಲ್ಲಿ ಕಲಿಯಲು ಕೂತರು. 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೊಗೆ ಹೋದಾಗ ಅಲ್ಲಿ ಬಸ್ಟರ್ ಕೀಟನ್ ಇದ್ದರು. ಮೂಕಿ ಚಿತ್ರಗಳ ಕಾಲದಲ್ಲಿ ಜಗತ್ತನ್ನೇ ನಗಿಸಿದ್ದ ಮನುಷ್ಯ. ಆಗ ಅವರ ಕಾಲ ಮುಗಿದಿತ್ತು, ಕೇಳುವವರಿರಲಿಲ್ಲ. ಕೈಯಲ್ಲಿರುವ ವಸ್ತುವಿನಿಂದ ನಗು ಹುಟ್ಟಿಸುವುದು ಹೇಗೆ ಎಂಬುದನ್ನು ಲುಸಿಲ್ ಕಲಿತದ್ದು ಅವರಿಂದ. 1948ರಿಂದ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ರೇಡಿಯೊ ಹಾಸ್ಯ ಸರಣಿ. ಎದುರಿಗೆ ಜನ ಕೂತಿರುತ್ತಿದ್ದರು. ಯಾವ ಮಾತಿಗೆ ಎಷ್ಟು ನಿಲ್ಲಬೇಕು, ನಗು ಎಲ್ಲಿ ಏಳುತ್ತದೆ ಎಂಬುದು ಅಲ್ಲಿ ಪಳಗಿತು.

1951ರ ಅಕ್ಟೋಬರ್ 15ರಂದು ಸಿಬಿಎಸ್ ವಾಹಿನಿಯಲ್ಲಿ ‘ಐ ಲವ್ ಲೂಸಿ’ ಶುರುವಾದಾಗ ಈ ಸಾಮಾನೆಲ್ಲ ಆಕೆಯ ಚೀಲದಲ್ಲಿತ್ತು. ಮೊದಲ ಮಗು ಹುಟ್ಟಿ ಇನ್ನೂ ಮೂರು ತಿಂಗಳು. ಆರು ಸೀಸನ್‌ಗಳಲ್ಲಿ ನಾಲ್ಕು ಬಾರಿ ಅದು ದೇಶದ ನಂಬರ್ ಒನ್ ಕಾರ್ಯಕ್ರಮವಾಯಿತು.

1952ರ ಒಂದು ಕಂತನ್ನು ಕೆಲಸ ಹುಡುಕುವ ನಾವೆಲ್ಲ ನೋಡಲೇಬೇಕು. ಲೂಸಿ ಮತ್ತು ಗೆಳತಿ ಎಥೆಲ್ ಚಾಕೊಲೇಟ್ ಕಾರ್ಖಾನೆಗೆ ಕೆಲಸಕ್ಕೆ ಸೇರುತ್ತಾರೆ. ಬೆಲ್ಟಿನ ಮೇಲೆ ಬರುವ ಚಾಕೊಲೇಟಿಗೆ ಕಾಗದ ಸುತ್ತಬೇಕು. ಬೆಲ್ಟ್ ಜೋರಾಗುತ್ತದೆ. ಕೈ ಸೋಲುತ್ತದೆ. ಒಂದನ್ನೂ ಬಿಡಬಾರದೆಂದು ಬಾಯಿಗೆ, ಟೋಪಿಗೆ, ರವಿಕೆಯೊಳಗೆ ತುರುಕಿಕೊಳ್ಳುತ್ತಾರೆ. ಮೇಲ್ವಿಚಾರಕಿ ಬಂದು ನೋಡಿ, ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಎಂದುಕೊಂಡು ಬೆಲ್ಟನ್ನು ಇನ್ನೂ ಜೋರು ಮಾಡಿಸುತ್ತಾಳೆ. ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಮಾರ್ಚ್ ತಿಂಗಳ ನಮ್ಮ ಆಫೀಸು ನೆನಪಾಗಿ ನಗು ನಿಂತಿತು.

ಹೌದು, ನಾನೊಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷವಾಯಿತು. ಯಾರಾದರೂ ಕೇಳಿದರೆ ‘ಸದ್ಯಕ್ಕೆ ಒಂದು ಕಡೆ ಹೋಗ್ತಿದೀನಿ, ಎಕ್ಸಾಂಗೆ ಓದ್ತಿದೀನಿ’ ಎನ್ನುತ್ತೇನೆ. ಮದುವೆ ಮನೆಗಳಲ್ಲಿ ಅತ್ತೆ, ಚಿಕ್ಕಮ್ಮಂದಿರು ‘ಇನ್ನೂ ಓದ್ತಾನೇ ಇದೀಯೇನಮ್ಮಾ?’ ಎಂದು ಕೇಳಿದರೂ ಇದೇ ಉತ್ತರ. ಈ ‘ಸದ್ಯಕ್ಕೆ’ ಎಂಬ ಪದದ ಹಿಂದೆ ನಾನು ಎರಡು ವರ್ಷ ಅಡಗಿಕೊಂಡಿದ್ದೇನೆ. ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಅವು ಮುಂದೆ ಏನಾಗುತ್ತವೆ ಎಂದು ಕೇಳಿಲ್ಲ. ನನ್ನ ಪಕ್ಕದ ಟೇಬಲ್ಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಹಿರಿಯರೊಬ್ಬರು ಕೂರುತ್ತಾರೆ. ಅವರ ಹತ್ತಿರ ನಾನು ಕೇಳಿದ್ದು ಸ್ಟೇಪ್ಲರ್ ಮಾತ್ರ.

ಲುಸಿಲ್‌ಗೂ ನನಗೂ ಇರುವ ವ್ಯತ್ಯಾಸ ಪ್ರತಿಭೆಯದ್ದು ಮಾತ್ರವಲ್ಲ. ಆಕೆ ಸಣ್ಣ ಕೆಲಸ ಮಾಡುತ್ತಾ ಕಲಿಯುತ್ತಿದ್ದರು. ನಾನು ಸಣ್ಣ ಕೆಲಸ ಮಾಡುತ್ತಾ ಕಾಯುತ್ತಿದ್ದೇನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

‘ಹಾಗಾದರೆ ಸಿಕ್ಕಿದ ಕೆಲಸ ಮಾಡಿಕೊಂಡು, ಕೊಟ್ಟಷ್ಟು ಸಂಬಳ ತಗೊಂಡು ತೆಪ್ಪಗಿರಿ ಅಂತೀಯಾ?’ ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಅದಕ್ಕೂ ಉತ್ತರ ಆಕೆಯ ಬದುಕಿನಲ್ಲೇ ಇದೆ.

ಟಿ.ವಿ. ಕಾರ್ಯಕ್ರಮಕ್ಕೆ ಕರೆ ಬಂದಾಗ, ತೆರೆಯ ಮೇಲಿನ ಗಂಡನ ಪಾತ್ರಕ್ಕೆ ನಿಜ ಜೀವನದ ಗಂಡ ದೇಸಿ ಅರ್ನಾಜ್ ಅವರೇ ಇರಬೇಕು ಎಂದು ಲುಸಿಲ್ ಪಟ್ಟು ಹಿಡಿದರು. ಅವರು ಕ್ಯೂಬಾದವರು, ಇಂಗ್ಲಿಷಿನಲ್ಲಿ ಬೇರೆಯೇ ಧಾಟಿ. ಈ ಜೋಡಿಯನ್ನು ಜನ ಒಪ್ಪಲಾರರು ಎಂಬುದು ವಾಹಿನಿಯವರ ಅನುಮಾನ. ಗಂಡ ಹೆಂಡತಿ ವಾದ ಮಾಡುತ್ತಾ ಕೂರಲಿಲ್ಲ. 1950ರಲ್ಲಿ ಊರೂರು ಸುತ್ತಿ ವೇದಿಕೆಯಲ್ಲಿ ಪ್ರದರ್ಶನ ಕೊಟ್ಟರು. ಜನ ಒಪ್ಪಿದರು. ವಾಹಿನಿಯೂ ಒಪ್ಪಿತು.

ಎರಡನೇ ಪಟ್ಟು ಇನ್ನೂ ದೊಡ್ಡದು. ಆಗ ಬಹುತೇಕ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಟಿ.ವಿ. ಪರದೆಯಿಂದಲೇ ಚಿತ್ರಿಸಿದ ಮಸುಕು ಪ್ರತಿ ಹೋಗುತ್ತಿತ್ತು. ದಂಪತಿ ತಮ್ಮ ಮನೆಯಿರುವ ಲಾಸ್ ಏಂಜಲೀಸ್ ಕಡೆಯಲ್ಲೇ, ಪ್ರೇಕ್ಷಕರ ಮುಂದೆ, ಮೂರು ಕ್ಯಾಮೆರಾ ಇಟ್ಟು ಸಿನಿಮಾ ಫಿಲ್ಮಿನಲ್ಲೇ ಚಿತ್ರೀಕರಿಸುತ್ತೇವೆ ಎಂದರು. ಖರ್ಚು ಹೆಚ್ಚು ಎಂಬ ಆಕ್ಷೇಪ ಬಂತು. ಸಂಭಾವನೆ ಕಡಿಮೆ ಮಾಡಿ, ಆದರೆ ಆ ಫಿಲ್ಮುಗಳ ಒಡೆತನ ನಮ್ಮ ‘ದೇಸಿಲು’ ಕಂಪನಿಗಿರಲಿ ಎಂದರು. ಒಮ್ಮೆ ಪ್ರಸಾರವಾದದ್ದನ್ನು ಜನ ಮತ್ತೆ ನೋಡುತ್ತಾರೆ ಎಂದು ಆಗ ಯಾರು ತಾನೆ ಅಂದುಕೊಂಡಿದ್ದರು? 1957ರಲ್ಲಿ ಸಿಬಿಎಸ್ ಅದೇ ಹಕ್ಕುಗಳನ್ನು ಹತ್ತಾರು ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. ಅದರ ಬೆನ್ನಿಗೇ ದೇಸಿಲು ಕಂಪನಿ ಆರ್‌ಕೆಒ ಸ್ಟುಡಿಯೊದ ಜಾಗಗಳನ್ನು ಖರೀದಿಸಿತು. ಹೂವಿನ ಅಂಗಡಿ ಹುಡುಗಿಯಾಗಿ ಬಂದು ಹೋಗಿದ್ದ ಅದೇ ಆರ್‌ಕೆಒ!

1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ದೇಸಿಯವರ ಪಾಲನ್ನೂ ಕೊಂಡು ಲುಸಿಲ್ ಕಂಪನಿಯ ಮುಖ್ಯಸ್ಥೆಯಾದರು. ಅಷ್ಟು ದೊಡ್ಡ ಟಿ.ವಿ. ಸ್ಟುಡಿಯೊವನ್ನು ನಡೆಸಿದ ಮೊದಲ ಮಹಿಳೆ ಅವರೇ. ನಮ್ಮಲ್ಲಿ ಅನೇಕರು ನೋಡಿರುವ ‘ಸ್ಟಾರ್ ಟ್ರೆಕ್’, ‘ಮಿಷನ್ ಇಂಪಾಸಿಬಲ್’ ಸಿನಿಮಾಗಳ ಮೂಲ ಟಿ.ವಿ. ಸರಣಿಗಳು 1966ರಲ್ಲಿ ಹೊರಬಂದದ್ದು ಈ ದೇಸಿಲುವಿನಿಂದಲೇ.

ಹೀಗಾಗಿ ಗೆಳತಿಗೆ ನನ್ನ ಉತ್ತರ ಇದು: ತೆಪ್ಪಗಿರುವುದಲ್ಲ, ಕಲಿತು ಕೇಳುವುದು. ತನ್ನ ಕೆಲಸದ ಬೆಲೆ ಗೊತ್ತಿರುವವರಿಗೆ ಮಾತ್ರ ಚೌಕಾಸಿ ಮಾಡಲು ಬರುತ್ತದೆ. ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂಬುದು ಆಕೆಗೆ ತಿಳಿದದ್ದು ಆ 25 ವರ್ಷಗಳಿಂದ. ಶುರುವಿನಲ್ಲೇ ಗೆದ್ದಿದ್ದರೆ ಬಹುಶಃ ದೊಡ್ಡ ಸಂಭಾವನೆಗೆ ಸಹಿ ಹಾಕಿ ಸುಮ್ಮನಾಗುತ್ತಿದ್ದರೇನೋ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. 1933ರಲ್ಲಿ ಆಕೆಯ ಜೊತೆ ಸಾಲಿನಲ್ಲಿ ನಿಂತಿದ್ದ ಉಳಿದ ಹುಡುಗಿಯರೂ ಕಷ್ಟಪಟ್ಟಿರುತ್ತಾರೆ. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ಗೊತ್ತಿಲ್ಲ. ಅವರ ಮೇಲೆ ಯಾರೂ ಸ್ಲೈಡ್ ಮಾಡುವುದಿಲ್ಲ. ಛಲ ಬಿಡದಿದ್ದರೆ ಗೆದ್ದೇ ಗೆಲ್ಲುತ್ತೀರಿ ಎಂಬ ಮಾತು ಸುಳ್ಳು. ನೂರು ಹುದ್ದೆಗೆ ಸಾವಿರಗಟ್ಟಲೆ ಜನ ಬರೆದರೆ ನೂರೇ ಜನ ಆಯ್ಕೆಯಾಗುತ್ತಾರೆ. ಉಳಿದವರೆಲ್ಲ ಛಲ ಬಿಟ್ಟವರಲ್ಲ. ಸಾಲದ್ದಕ್ಕೆ ಗೆಲುವು ಒಮ್ಮೆ ಬಂದರೆ ಉಳಿಯುತ್ತದೆ ಎಂಬುದೂ ಸುಳ್ಳು. 1986ರಲ್ಲಿ, 75ರ ವಯಸ್ಸಿನಲ್ಲಿ ಲುಸಿಲ್ ಮತ್ತೊಂದು ಸರಣಿ ಮಾಡಿದರು. ಎಂಟು ಕಂತು ಪ್ರಸಾರವಾಗುವಷ್ಟರಲ್ಲಿ ನಿಲ್ಲಿಸಿಬಿಟ್ಟರು. ಅಷ್ಟೆಲ್ಲ ಸಾಧಿಸಿದವರಿಗೂ ಕೊನೆಗೆ ಒಂದು ತಿರಸ್ಕಾರ ಕಾದಿತ್ತು. 1989ರ ಏಪ್ರಿಲ್ 26ರಂದು ಅವರು ತೀರಿಕೊಂಡರು.

ಆದ್ದರಿಂದ ಅವರ ಗೆಲುವನ್ನು ನಾನು ನನ್ನ ಗೋಡೆಗೆ ಅಂಟಿಸಿಕೊಳ್ಳುವುದಿಲ್ಲ. ಅದು ನನಗೂ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಕೀಟನ್ ಎದುರು ಕೂತು ಕಲಿತ ಮಧ್ಯಾಹ್ನಗಳಿವೆಯಲ್ಲ, ಅಂಥದ್ದು ನನ್ನ ಕೈಯಲ್ಲೂ ಇದೆ. ಪರೀಕ್ಷೆ ಪಾಸಾಗಲಿ, ಬಿಡಲಿ, ಕಲಿತದ್ದನ್ನು ಯಾವ ಕಟ್ ಆಫ್ ಕೂಡ ಕಿತ್ತುಕೊಳ್ಳುವುದಿಲ್ಲ.

ಪರೀಕ್ಷೆಗೆ ಓದುವುದನ್ನು ಬಿಟ್ಟಿಲ್ಲ. ಮುಂದಿನ ಅರ್ಜಿಯನ್ನೂ ಹಾಕಿದ್ದೇನೆ. ಆದರೆ ಕಳೆದ ಸೋಮವಾರ ಪಕ್ಕದ ಟೇಬಲ್ಲಿನ ಹಿರಿಯರ ಬಳಿ ಹೋಗಿ ‘ಸರ್, ಈ ಬ್ಯಾಲೆನ್ಸ್ ಶೀಟ್ ಹೇಗೆ ಟ್ಯಾಲಿ ಮಾಡ್ತೀರಾ, ಸ್ವಲ್ಪ ಹೇಳಿಕೊಡ್ತೀರಾ?’ ಎಂದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು.

‘ಎರಡು ವರ್ಷದಿಂದ ಕಾಯ್ತಿದ್ದೆ ಕಣಮ್ಮಾ, ಕುರ್ಚಿ ಎಳ್ಕೋ’ ಎಂದರು.